ನಮ್ಮ ಮನೆಯ ಹೊಸ್ತಿಲುಗಳು

ಮನುಷ್ಯನು ತಾನು ಹುಟ್ಟಿ ಬೆಳೆದ ಮನೆಯನ್ನು ಚೆನ್ನಾಗಿ ಬಲ್ಲೆನೆಂದು ತಿಳಿದುಕೊಂಡಿರುತ್ತಾನೆ. ನಡುರಾತ್ರಿಯಲ್ಲಿ ದೀಪವಿಲ್ಲದೆ ಎದ್ದು ಹೋಗಿ, ಹೂಜಿಯ ನೀರನ್ನು ಕುಡಿದು ಬಂದು ಮಲಗುವಷ್ಟು ಬಳಕೆಯಾದಮೇಲೆ ಇನ್ನು ತಿಳಿಯತಕ್ಕದ್ದೇನಿದೆ ಎಂಬುದು ಅವನ ಭಾವನೆ. ನಾನೂ ಅರುವತ್ತೊಂದು ವರ್ಷಗಳ ಕಾಲ ಹಾಗೆಯೇ ನಂಬಿಕೊಂಡಿದ್ದೆನು. ನಂಜನಗೂಡಿನಲ್ಲಿ ನಮ್ಮ ತಾತನವರು ಕಟ್ಟಿಸಿದ ಮನೆಯಲ್ಲಿಯೇ ನಾನು ಹುಟ್ಟಿದುದು, ಓಡಾಡಿದುದು, ಎಡವಿ ಬಿದ್ದು ಮೊಣಕಾಲು ತರಚಿಕೊಂಡುದು. ಆದರೆ ಬೀದಿಯ ಬಾಗಿಲಿನಿಂದ ಹಿತ್ತಲ ಬಚ್ಚಲುಮನೆಯವರೆಗೆ ಆ ಮನೆಯಲ್ಲಿ ಏಳು ಹೊಸ್ತಿಲುಗಳಿವೆಯೆಂಬ ಸಂಗತಿಯನ್ನು ನಾನು ಕಂಡುಕೊಂಡುದು ಕಳೆದ ವರ್ಷದ ಮಾರ್ಗಶಿರ ಮಾಸದಲ್ಲಿ. ನಮ್ಮ ತಾಯಿಯವರು ತೊಡೆಯ ಮೂಳೆಯನ್ನು ಮುರಿದುಕೊಂಡು ಮೈಸೂರಿನ ಆಸ್ಪತ್ರೆಯೊಂದರಲ್ಲಿ ಮಲಗಿದ್ದಾಗ.

ಅವರಿಗೆ ೮೨ ವರ್ಷ ವಯಸ್ಸು. ಅಂದು ಶುಕ್ರವಾರ, ಎಣ್ಣೆಸ್ನಾನದ ದಿನ. ತಲೆಗೆ ಎಣ್ಣೆಯೊತ್ತಿಕೊಂಡು, ಸೀಗೆಯಪುಡಿಯಿಂದ ಉಜ್ಜಿಕೊಂಡು, ಹಂಡೆಯ ಬಿಸಿನೀರನ್ನು ಹೊಯ್ದುಕೊಂಡು ಏಳುವ ಹೊತ್ತಿಗೆ ಕಾಲಕೆಳಗಿನ ಚಪ್ಪಡಿ ಜಾರಿತು. ಸದ್ದನ್ನು ಕೇಳಿ ನನ್ನ ಮನೆಯಾಕೆ ಓಡಿಹೋದಳು. ಬಲಗಾಲು ಗಿಡ್ಡವಾದಂತೆಯೂ ಹೊರಕ್ಕೆ ತಿರುಗಿಕೊಂಡಂತೆಯೂ ಕಾಣುತ್ತಿತ್ತು. ತಾಯಿಯವರು ಅಳಲಿಲ್ಲ, ಕೂಗಲಿಲ್ಲ. "ನನ್ನದೂ ಮುಗಿಯಿತಮ್ಮ. ಇನ್ನು ಮೂರು ತಿಂಗಳು" ಎಂದಷ್ಟೇ ಹೇಳಿದರು.

ಈ ಮೂರು ತಿಂಗಳ ಲೆಕ್ಕವು ಅವರಿಗೆ ಎಲ್ಲಿಂದ ಬಂದಿತೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ೧೯೮೭ರಲ್ಲಿ ನಮ್ಮ ತಂದೆಯವರು ಕೊಟ್ಟಿಗೆಯಲ್ಲಿ ಬಿದ್ದು ಇದೇ ಮೂಳೆಯನ್ನು ಮುರಿದುಕೊಂಡಿದ್ದರು. ಶಸ್ತ್ರಚಿಕಿತ್ಸೆಗೆ ಅವರು ಒಪ್ಪಲಿಲ್ಲ. ನಾವೂ ಒತ್ತಾಯ ಮಾಡಲಿಲ್ಲ. ನಾಟಿವೈದ್ಯರೊಬ್ಬರು ಬಂದು ಕಟ್ಟು ಕಟ್ಟಿದರು. ಅಲುಗಾಡಿಸಬಾರದೆಂದು ಅವರನ್ನು ಒಳಕೋಣೆಯಲ್ಲಿ ಮಲಗಿಸಿ, ಕಿಟಕಿಯನ್ನು ಮುಚ್ಚಿ, ಬಾಯಿಗೆ ಅನ್ನವನ್ನು ಇಟ್ಟು, ಹೂವಿನಂತೆ ನೋಡಿಕೊಂಡೆವು. ಮೊದಲು ಬೆನ್ನಿನಲ್ಲಿ ಹಾಸಿಗೆಹುಣ್ಣು ಎದ್ದಿತು. ಆಮೇಲೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂದಿತು. ತೊಂಬತ್ತು ದಿನಗಳು ತುಂಬುವುದರೊಳಗಾಗಿ ತೀರಿಕೊಂಡರು. ನಮ್ಮ ಸೇವೆಯಲ್ಲಿ ಕೊರತೆಯಿರಲಿಲ್ಲ, ಕೊರತೆಯಿದ್ದುದು ತಿಳಿವಳಿಕೆಯಲ್ಲಿ. ಮುರಿದ ಮೂಳೆಗಿಂತ ಹೆಚ್ಚಾಗಿ ಹಾಸಿಗೆಯೇ ಅವರನ್ನು ಕೊಂಡುಹೋಯಿತೆಂದು ಈಗ ನನಗೆ ಅರ್ಥವಾಗುತ್ತದೆ.

ಮೈಸೂರಿನ ಡಾಕ್ಟರು ನನಗೆ ಸಾವಧಾನವಾಗಿ ವಿವರಿಸಿದರು. ತೊಡೆಯ ಮೂಳೆಯ ಮೇಲ್ತುದಿಯಲ್ಲಿ ಒಂದು ಗುಂಡು, ಅದರ ಕೆಳಗೆ ಒಂದು ಕತ್ತು. ಕತ್ತು ಮುರಿದರೆ ಗುಂಡಿಗೆ ಹೋಗುವ ರಕ್ತದ ದಾರಿ ಅನೇಕವೇಳೆ ಕತ್ತರಿಸಿಹೋಗುತ್ತದೆ. ಆದಕಾರಣ ವೃದ್ಧರಲ್ಲಿ ಅದು ತಾನಾಗಿ ಕೂಡುವುದೆಂದು ಕಾಯುವುದರಲ್ಲಿ ಅರ್ಥವಿಲ್ಲ. ಆ ಗುಂಡನ್ನು ತೆಗೆದು ಅದರ ಸ್ಥಾನದಲ್ಲಿ ಲೋಹದ ಗುಂಡನ್ನು ಕೂರಿಸುತ್ತಾರೆ. ತೊಡೆಮೂಳೆಯ ಮೇಲ್ತುದಿಯ ಬದಲಿಗೆ ಲೋಹದ ಅಂಗವನ್ನು ಅಮೆರಿಕದ ಆಸ್ಟಿನ್ ಮೂರ್ ಮತ್ತು ಹೆರಾಲ್ಡ್ ಬೋಲ್ಮನ್ ಎಂಬ ಶಸ್ತ್ರವೈದ್ಯರು ಕೂರಿಸಿದುದು ೧೯೪೦ರಲ್ಲಿ. ಅಂದರೆ ನಮ್ಮ ತಂದೆಯವರು ಬಿದ್ದಾಗ ಆ ವಿದ್ಯೆಗೆ ೪೭ ವರ್ಷಗಳು ತುಂಬಿದ್ದವು. ಈ ಲೆಕ್ಕವನ್ನು ಮಾಡಿಕೊಂಡ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಶಸ್ತ್ರಚಿಕಿತ್ಸೆಯು ನಿರ್ವಿಘ್ನವಾಗಿ ನಡೆಯಿತು. ಮಾರನೆಯ ದಿನ ಬೆಳಗ್ಗೆಯೇ, ವ್ಯಾಯಾಮ ಮಾಡಿಸುವ ತರುಣಿಯೊಬ್ಬಳು ಬಂದು, "ಏಳಿ ಅಜ್ಜಿ, ನಿಂತುಕೊಳ್ಳೋಣ" ಎಂದಳು. ನಾನು ಹೌಹಾರಿ ಅಡ್ಡ ಹೋದೆನು. ಆಕೆ ನಕ್ಕು, "ಮಲಗಿದಷ್ಟೂ ಅಪಾಯ ಹೆಚ್ಚು ಸಾರ್. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ" ಎಂದಳು. ತಾಯಿಯವರು ನಾಲ್ಕು ಕಾಲಿನ ವಾಕರನ್ನು ಹಿಡಿದು, ಹಲ್ಲು ಕಚ್ಚಿಕೊಂಡು, ಎರಡು ಹೆಜ್ಜೆ ಇಟ್ಟರು. ಮೊದಲು ವಾಕರು, ಆಮೇಲೆ ಪೆಟ್ಟಾದ ಕಾಲು, ಕೊನೆಗೆ ಒಳ್ಳೆಯ ಕಾಲು: ಇದೇ ಅವರಿಗೆ ಹೇಳಿಕೊಟ್ಟ ಮೊದಲ ಪಾಠ.

ಇದಾದಮೇಲೆ ಆ ತರುಣಿಯು ನನ್ನ ಕಡೆಗೆ ತಿರುಗಿ ಪ್ರಶ್ನೆಗಳನ್ನು ಹಾಕತೊಡಗಿದಳು. ಮನೆಯಲ್ಲಿ ಮಂಚದ ಎತ್ತರವೆಷ್ಟು? ಕುರ್ಚಿಗೆ ಕೈಗಳಿವೆಯೆ? ಬಾಗಿಲುಗಳ ಅಗಲವೆಷ್ಟು? ಹೊಸ್ತಿಲುಗಳೆಷ್ಟು? ಪಾಯಿಖಾನೆ ಎಲ್ಲಿದೆ, ಹೇಗಿದೆ? ಮೂವತ್ತಮೂರು ವರ್ಷ ಮಕ್ಕಳಿಗೆ ಪ್ರಶ್ನೆಗಳನ್ನು ಹಾಕಿದ ಮೇಷ್ಟ್ರು ನಾನು. ಒಂದಕ್ಕೂ ಉತ್ತರ ಹೇಳಲಾರದೆ ನಿಂತೆನು. "ಇನ್ನು ನಾಲ್ಕು ದಿನಗಳಲ್ಲಿ ಅಜ್ಜಿಯನ್ನು ಮನೆಗೆ ಕಳುಹಿಸುತ್ತಾರೆ. ಅಷ್ಟರಲ್ಲಿ ಮನೆ ಸಿದ್ಧವಾಗಬೇಕು" ಎಂದು ಹೇಳಿ, ಮೂರು ನಿಷೇಧಗಳನ್ನು ಕಾಗದದ ಮೇಲೆ ಬರೆದುಕೊಟ್ಟಳು. ಸೊಂಟದ ಬಳಿ ಲಂಬಕೋನಕ್ಕಿಂತ ಹೆಚ್ಚಾಗಿ ಬಾಗಬಾರದು. ಕಾಲಮೇಲೆ ಕಾಲು ಹಾಕಬಾರದು. ಪೆಟ್ಟಾದ ಕಾಲನ್ನು ಒಳಕ್ಕೆ ತಿರುಗಿಸಬಾರದು. ತಪ್ಪಿದರೆ ಹೊಸ ಗುಂಡು ತನ್ನ ಗೂಡಿನಿಂದ ಜಾರಬಹುದು. ಈ ನಿಯಮಗಳು ಶಸ್ತ್ರವೈದ್ಯರು ಸೀಳಿದ ಕಡೆಯನ್ನು ಅನುಸರಿಸಿ ಬೇರೆಬೇರೆಯಾಗಿರುತ್ತವೆಯಾದುದರಿಂದ ಅವರವರ ಡಾಕ್ಟರನ್ನೇ ಕೇಳಿ ತಿಳಿಯತಕ್ಕದ್ದು. ನಮಗೆ ಹೇಳಿದ ಅವಧಿ ಹನ್ನೆರಡು ವಾರಗಳು.

ಅಂದು ಸಂಜೆ ಮನೆಗೆ ಬಂದು ಅಳತೆಪಟ್ಟಿಯನ್ನು ಹಿಡಿದುಕೊಂಡು ಹೊರಟಾಗ ನನಗೊಂದು ಹೊಸ ಜ್ಞಾನೋದಯವಾಯಿತು. ನಮ್ಮ ಬಾಳೆಲ್ಲವೂ ನೆಲದಮೇಲಿನ ಬಾಳು. ಊಟಕ್ಕೆ ಕೂರುವುದು ನೆಲದ ಮೇಲೆ; ತರಕಾರಿ ಹೆಚ್ಚುವ ಈಳಿಗೆಮಣೆ ನೆಲದ ಮೇಲೆ; ಒರಳು ನೆಲದ ಮೇಲೆ; ದೇವರ ಪೂಜೆ ನೆಲದ ಮೇಲೆ; ಸ್ನಾನದ ಮಣೆ ನೆಲದಿಂದ ಮೂರು ಅಂಗುಲ. ಲಂಬಕೋನವನ್ನು ಮೀರಬಾರದೆಂದು ಅಪ್ಪಣೆಯಾದವರಿಗೆ ಇಂಥ ಮನೆಯಲ್ಲಿ ಮಾಡಬಹುದಾದ ಕೆಲಸವೇ ಇಲ್ಲ. ಅದರ ಮೇಲೆ ಏಳು ಹೊಸ್ತಿಲುಗಳು. ಒಂದೊಂದೂ ಎರಡು ಅಂಗುಲಕ್ಕೆ ಕಡಮೆಯಿಲ್ಲ, ಬೀದಿಯ ಬಾಗಿಲಿನದು ನಾಲ್ಕು ಅಂಗುಲ.

ನಾನು ಏಳು ಹೊಸ್ತಿಲುಗಳಿಗೂ ಇಳಿಜಾರಿನ ಹಲಗೆಗಳನ್ನು ಮಾಡಿಸುವ ಯೋಜನೆಯನ್ನು ಹಾಕಿ ಬಡಗಿಯನ್ನು ಕರೆಯಿಸಿದೆನು. ನನ್ನ ಮನೆಯಾಕೆ ಸ್ವಲ್ಪ ಹೊತ್ತು ನೋಡಿ, "ಅತ್ತೆಯವರನ್ನು ಏಳು ಹೊಸ್ತಿಲು ದಾಟಿಸುವುದಕ್ಕಿಂತ, ದಾಟುವ ಅಗತ್ಯವೇ ಬಾರದಂತೆ ಮಾಡಬಾರದೆ? ನಿಮ್ಮ ಓದುವ ಕೋಣೆಯಿದೆಯಲ್ಲ" ಎಂದಳು. ಪಡಸಾಲೆಗೆ ಸೇರಿದಂತಿರುವ ಆ ಕೋಣೆಗೆ, ಬಂದುಹೋಗುವವರಿಗಾಗಿ ಹತ್ತು ವರ್ಷಗಳ ಹಿಂದೆ ಒಂದು ಸಣ್ಣ ಸ್ನಾನದ ಮನೆಯನ್ನೂ ಕುರ್ಚಿಯಂಥ ಕಮೋಡನ್ನೂ ಕಟ್ಟಿಸಿದ್ದೆನು. ನನ್ನ ಪುಸ್ತಕಗಳೆಲ್ಲವೂ ಅಟ್ಟಕ್ಕೆ ಹೋಗಬೇಕೆ ಎಂದು ಒಂದು ಕ್ಷಣ ಮನಸ್ಸು ಹಿಂಜರಿಯಿತೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಪುಸ್ತಕಗಳು ಅಟ್ಟಕ್ಕೆ ಹೋದವು; ಏಳು ಹೊಸ್ತಿಲುಗಳು ಎರಡಕ್ಕೆ ಇಳಿದವು.

ಆ ಎರಡಕ್ಕೂ ಬಡಗಿಯು ಒಂದೊಂದು ಅಡಿ ಉದ್ದದ ಹಲಗೆ ಸಾಕೆಂದನು. ಸಾಲದು. ಒಂದು ಅಂಗುಲ ಎತ್ತರಕ್ಕೆ ಹನ್ನೆರಡು ಅಂಗುಲ ಉದ್ದದ ಇಳಿಜಾರು ಬೇಕೆಂಬುದು ಲೆಕ್ಕ. ನಮ್ಮ ದೇಶದ ೨೦೧೬ರ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಇದನ್ನೇ ಹೇಳುತ್ತದೆ. ಆದುದರಿಂದ ಎರಡಂಗುಲದ ಸ್ನಾನದಮನೆಯ ಹೊಸ್ತಿಲಿಗೆ ಆಚೆ ಈಚೆ ಎರಡೆರಡು ಅಡಿ, ಬೀದಿಯ ಬಾಗಿಲಿಗೆ ನಾಲ್ಕು ನಾಲ್ಕು ಅಡಿ. ಮೇಲೆ ಜಾರದಂತೆ ಒರಟಾದ ರಬ್ಬರಿನ ಹೊದಿಕೆ. ಶುಕ್ರವಾರದ ಹೊಸ್ತಿಲ ಪೂಜೆಗೆ ಅಡ್ಡಿಯಾಗದಂತೆ ಈ ಹಲಗೆಗಳನ್ನು ಕಳಚಿಡುವಂತೆ ಮಾಡಿಸಬೇಕೆಂದು ಹೇಳಿದವಳೂ ನನ್ನ ಮನೆಯಾಕೆಯೇ. ಬೀದಿಯಿಂದ ಜಗುಲಿಗೆ ಏರುವ ಎರಡು ಮೆಟ್ಟಿಲುಗಳು ಹದಿನಾಲ್ಕು ಅಂಗುಲ. ಅದಕ್ಕೆ ಇಳಿಜಾರು ಮಾಡಿದರೆ ಹದಿನಾಲ್ಕು ಅಡಿ ಬೀದಿಯಲ್ಲಿಯೇ ಚಾಚಿಕೊಳ್ಳುತ್ತಿತ್ತು. ಅದನ್ನು ಬಿಟ್ಟು, ಗೋಡೆಗೆ ಒಂದು ಕಬ್ಬಿಣದ ಹಿಡಿಕಂಬಿಯನ್ನು ಹಾಕಿಸಿದೆವು.

ಮಂಚದ ಸಂಗತಿ ಸುಲಭವಾಗಿ ಮುಗಿಯಿತು. ತಾಯಿಯವರ ಮೊಣಕಾಲು ನೆಲದಿಂದ ೧೭ ಅಂಗುಲ; ಕುಳಿತಾಗ ಮೊಣಕಾಲಿಗಿಂತ ಸೊಂಟವು ಸ್ವಲ್ಪ ಮೇಲಿರಬೇಕಾದುದರಿಂದ ೧೯ ಅಂಗುಲದ ಪೀಠ ಬೇಕು. ಮಂಚವು ಹಾಸಿಗೆ ಸೇರಿ ೧೫ ಅಂಗುಲ ಮಾತ್ರವಿತ್ತು. ನಾಲ್ಕು ಮರದ ದಿಮ್ಮಿಗಳಲ್ಲಿ ಕುಳಿ ತೋಡಿಸಿ ಕಾಲುಗಳನ್ನು ಅವುಗಳೊಳಗೆ ಇಳಿಸಿದೆವು. ಕುಳಿಯಿಲ್ಲದ ಇಟ್ಟಿಗೆಗಳಮೇಲೆ ಮಂಚವನ್ನು ನಿಲ್ಲಿಸುವುದು ಅಪಾಯಕರ. ಕಮೋಡಿನ ಮೇಲೆ ಕೂರಿಸುವ ನಾಲ್ಕಂಗುಲದ ಪೀಠವು ಔಷಧದ ಅಂಗಡಿಯಲ್ಲಿ ದೊರೆಯಿತು. ನನ್ನ ಪ್ರೀತಿಯ ಆರಾಮಕುರ್ಚಿಯನ್ನು ತಾಯಿಯವರಿಗಾಗಿ ಪಡಸಾಲೆಗೆ ತಂದಿಟ್ಟು ತೃಪ್ತಿಪಟ್ಟುಕೊಂಡಿದ್ದೆನು. ಆದರೆ ಅದು ತಗ್ಗು, ಮೆತ್ತಗೆ, ಕುಳಿತರೆ ಮೊಣಕಾಲು ಎದೆಗೆ ಬರುವಂಥದು. ಅದರ ಬದಲಿಗೆ ಕೈಗಳುಳ್ಳ ಗಟ್ಟಿಯಾದ ಮರದ ಕುರ್ಚಿ ಬಂದಿತು. ಕೋಣೆಯ ಚಾಪೆ, ಜಮಖಾನೆ, ಬಾಗಿಲ ಬಳಿಯ ಕಾಲೊರಸು, ನೆಲದಮೇಲೆ ಹರಿದಾಡುತ್ತಿದ್ದ ವಿದ್ಯುತ್ತಿನ ತಂತಿ ಎಲ್ಲವನ್ನೂ ತೆಗೆದೆವು. ಕಾಲಿಗೆ ಸುತ್ತಿಕೊಳ್ಳುವ ನಮ್ಮ ಬೆಕ್ಕಿಗೆ ಮಾತ್ರ ಯಾವ ಉಪಾಯವೂ ಹೊಳೆಯದೆ, ಅದನ್ನು ನನ್ನ ತಂಗಿಯ ಮನೆಗೆ ದೇಶಾಂತರ ಕಳುಹಿಸಿದೆವು.

ಇನ್ನು ಉಳಿದುದು ಮೈಸೂರಿನಿಂದ ನಂಜನಗೂಡಿಗೆ ಸುಮಾರು ೨೫ ಕಿಲೋಮೀಟರುಗಳ ಪಯಣ. ಮೋಟಾರಿನಲ್ಲಿ ಕೂರುವುದೆಂದರೆ ಏನು ಮಹಾ ಎಂದು ನಾನು ತಿಳಿದಿದ್ದೆನು. ನಮ್ಮ ಸಣ್ಣ ಮೋಟಾರಿನ ಸೀಟನ್ನು ಅಳೆದು ನೋಡಿದರೆ ನಮ್ಮ ಮಂಚಕ್ಕಿಂತಲೂ ತಗ್ಗು. ಮುಂದಿನ ಎಡಗಡೆಯ ಸೀಟನ್ನು ಹಿಂದಕ್ಕೆ ಪೂರ್ತಿ ತಳ್ಳಿ, ಬೆನ್ನನ್ನು ಸ್ವಲ್ಪ ಒರಗಿಸಿ, ಗಟ್ಟಿಯಾದ ದಿಂಬನ್ನು ಹಾಕಿದೆವು. ಮೋಟಾರನ್ನು ಕಾಲುದಾರಿಯ ಅಂಚಿಗೆ ಒತ್ತಿ ನಿಲ್ಲಿಸಬಾರದೆಂದೂ, ಎತ್ತರದ ಅಂಚಿನಲ್ಲಿ ನಿಂತರೆ ಸೀಟು ಇನ್ನಷ್ಟು ತಗ್ಗಾಗುವುದೆಂದೂ, ಸಮನಾದ ನೆಲದ ಮೇಲೆ ನಿಂತು ಕೂರಬೇಕೆಂದೂ ಆ ತರುಣಿ ಹೇಳಿಕೊಟ್ಟಿದ್ದಳು. ಮೊದಲು ಬೆನ್ನು ತಿರುಗಿಸಿ, ಸೀಟಿನ ಅಂಚು ಕಾಲಿನ ಹಿಂಭಾಗಕ್ಕೆ ತಗಲುವವರೆಗೆ ಹಿಂದೆ ಸರಿಯಬೇಕು. ಪೆಟ್ಟಾದ ಕಾಲನ್ನು ಮುಂದಕ್ಕೆ ಚಾಚಬೇಕು. ಒಂದು ಕೈಯನ್ನು ಸೀಟಿನ ಬೆನ್ನಿನ ಮೇಲೆ, ಇನ್ನೊಂದನ್ನು ಡ್ಯಾಷ್‌ಬೋರ್ಡಿನ ಮೇಲೆ ಊರಬೇಕು. ಬಾಗಿಲನ್ನು ನೆಚ್ಚಬಾರದು, ಅದು ಓಲಾಡುವ ವಸ್ತು. ಮೆಲ್ಲಗೆ ಕುಳಿತು, ಹಿಂದಕ್ಕೆ ಒರಗಿಕೊಂಡು, ಆಮೇಲೆ ಎರಡು ಕಾಲುಗಳನ್ನೂ ಮೈಯನ್ನೂ ಒಂದೇ ದಿಮ್ಮಿಯಂತೆ ತಿರುಗಿಸಬೇಕು.

ಇದನ್ನು ಹಿಂದಿನ ದಿನವೇ ಬೀದಿಯಲ್ಲಿ ಅಭ್ಯಾಸ ಮಾಡಿದೆವು. ರೋಗಿಯ ಪಾತ್ರವನ್ನು ನನ್ನ ಮನೆಯಾಕೆ ವಹಿಸಿದಳು. ಅವಳನ್ನು ನಾಲ್ಕನೆಯ ಸಲ ಇಳಿಸಿ ಹತ್ತಿಸುತ್ತಿದ್ದಾಗ ಎದುರುಮನೆಯ ರಾಯರು ಜಗುಲಿಯಿಂದ, "ಏನು ಮೇಷ್ಟ್ರೆ, ಪ್ರಯಾಣ ಹೋಗಬೇಕೋ ಬೇಡವೋ ಎಂದು ಅಮ್ಮನವರಿಗೆ ಇನ್ನೂ ನಿಶ್ಚಯವಾಗಲಿಲ್ಲವೋ?" ಎಂದು ಕೇಳಿದರು. ಈ ಅಭ್ಯಾಸದಿಂದ ಒಂದು ಉಪಯೋಗವಾಯಿತು. ಒರಟು ಬಟ್ಟೆಯ ಸೀಟಿನ ಮೇಲೆ ಮೈಯನ್ನು ತಿರುಗಿಸುವುದು ಕಷ್ಟವೆಂದು ಕಂಡು, ತಾಯಿಯವರ ಹಳೆಯ ರೇಷ್ಮೆಯ ಸೀರೆಯೊಂದನ್ನು ಮಡಿಸಿ ಹಾಸಿದೆವು. ಕುಳಿತು ತಿರುಗಿಯಾದ ಮೇಲೆ ಅದನ್ನು ಎಳೆದು ತೆಗೆದುಬಿಡಬೇಕು. ಇಲ್ಲವಾದರೆ ಬ್ರೇಕು ಹಾಕಿದಾಗ ಮೈ ಬೆಲ್ಟಿನ ಕೆಳಗೆ ಜಾರೀತು. ಬೆಲ್ಟನ್ನು ನೋವಿನ ನೆಪದಿಂದ ಬಿಡಬಾರದು. ಅದರ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಗಳ ಮೇಲೆ ಕೂರಬೇಕು. ನೋವಿನ ಮಾತ್ರೆಯನ್ನು ಹೊರಡುವುದಕ್ಕೆ ಅರ್ಧ ಗಂಟೆ ಮುಂಚೆ ಡಾಕ್ಟರ ಅಪ್ಪಣೆಯಂತೆ ಕೊಟ್ಟಿದ್ದೆವು. ರಸ್ತೆಯ ಉಬ್ಬುಗಳು ಎಷ್ಟಿವೆಯೆಂಬುದನ್ನೂ ನಾನು ಅಂದೇ ತಿಳಿದುದು. ಪ್ರತಿಯೊಂದು ಉಬ್ಬಿನಲ್ಲಿಯೂ ತಾಯಿಯವರು ಕಣ್ಣು ಮುಚ್ಚಿ "ನಂಜುಂಡೇಶ್ವರಾ" ಎನ್ನುತ್ತಿದ್ದರು. ಮನೆಯ ಮೆಟ್ಟಿಲುಗಳನ್ನು ಅಂದು ಅವರು ಏರಲಾರದೆಹೋದರು. ಇಬ್ಬರು ಹುಡುಗರು ಕುರ್ಚಿಯ ಸಮೇತ ಎತ್ತಿ ಒಳಕ್ಕೆ ತಂದರು.

ಇಷ್ಟೆಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದೆನೆಂಬ ಹೆಮ್ಮೆಯಲ್ಲಿ ನಾನಿದ್ದೆನು. ತಾಯಿಯವರ ಕೈಗೆ ಒಂದು ಗಂಟೆಯನ್ನು ಕೊಟ್ಟು, "ಏನು ಬೇಕಾದರೂ ಬಾರಿಸಮ್ಮ. ನೀನು ಮಾತ್ರ ಏಳಬೇಡ" ಎಂದು ಹೇಳಿದೆನು. ವ್ಯಾಯಾಮದ ಹೊತ್ತನ್ನು ಬಿಟ್ಟು ಅವರಿಗೆ ಯಾವ ಕೆಲಸವನ್ನೂ ಉಳಿಸಲಿಲ್ಲ. ಕಾಫಿ ಕೈಗೆ ಬರುತ್ತಿತ್ತು, ಊಟ ಕೈಗೆ ಬರುತ್ತಿತ್ತು. ಮೊದಲ ವಾರ ಕಳೆಯುವ ಹೊತ್ತಿಗೆ ಅವರು ಮಾತನ್ನು ಕಡಮೆ ಮಾಡಿದರು. ಅನ್ನವನ್ನು ಅರ್ಧಕ್ಕೆ ಬಿಡುತ್ತಿದ್ದರು. ಗಂಟೆಯನ್ನು ಒಂದು ಸಲವೂ ಬಾರಿಸಲಿಲ್ಲ. ಇದು ತೃಪ್ತಿಯ ಲಕ್ಷಣವೆಂದು ನಾನು ಭಾವಿಸಿದೆನು.

ಒಂದು ರಾತ್ರಿ ಮೂರು ಗಂಟೆಯ ಸಮಯದಲ್ಲಿ ಸ್ನಾನದ ಮನೆಯಿಂದ ಟಣ್ಣೆಂಬ ಸದ್ದು ಕೇಳಿಸಿತು. ಇಬ್ಬರೂ ಓಡಿದೆವು. ತಾಯಿಯವರು ಯಾರನ್ನೂ ಎಬ್ಬಿಸದೆ, ದೀಪವನ್ನೂ ಹಾಕದೆ, ವಾಕರು ಹಿಡಿದು ಹೋಗಿದ್ದರು. ಏಳುವಾಗ ಆಯ ತಪ್ಪಿ, ಗೋಡೆಯಲ್ಲಿದ್ದ ಟವಲಿನ ಕಂಬಿಯನ್ನು ಹಿಡಿದಿದ್ದರು. ಟವಲಿನ ಭಾರಕ್ಕೆಂದು ಹಾಕಿದ ಆ ಕಂಬಿಯು ಮೊಳೆಯ ಸಮೇತ ಕಿತ್ತುಬಂದಿತ್ತು. ದೇವರ ದಯೆಯಿಂದ ಅವರು ನೆಲಕ್ಕೆ ಬೀಳದೆ ಮತ್ತೆ ಕಮೋಡಿನ ಮೇಲೆಯೇ ಕುಸಿದು ಕುಳಿತಿದ್ದರು. ನಾನು ಹೆದರಿಕೆಯಲ್ಲಿ ಗದರಿದೆನು. "ಗಂಟೆ ಕೊಟ್ಟಿರಲಿಲ್ಲವೆ?" ಎಂದೆನು.

ತಾಯಿಯವರು ತಲೆಯೆತ್ತದೆ, "ಹಗಲೆಲ್ಲ ದುಡಿದು ಮಲಗಿರುತ್ತಾಳೆ. ಹೇಗೆ ಎಬ್ಬಿಸಲಿ?" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ನಿಮ್ಮಪ್ಪ ಕೊನೆಕೊನೆಗೆ ನೀರು ಬೇಕೆಂದು ಕೇಳುವುದನ್ನೂ ಬಿಟ್ಟುಬಿಟ್ಟಿದ್ದರು. ನಿಮಗೆ ಯಾರಿಗೂ ತಿಳಿಯಲಿಲ್ಲ. ಕೇಳಿ ಕೇಳಿ ಅವರಿಗೆ ಸಾಕಾಗಿತ್ತು, ಮಗು" ಎಂದರು.

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಅವರು ತಮ್ಮಲ್ಲಿಯೇ ಇಟ್ಟುಕೊಂಡಿದ್ದ ಮಾತು ಇದು. ನನಗೆ ನಾಲಗೆ ಏಳಲಿಲ್ಲ. ನನ್ನ ಮನೆಯಾಕೆಯೇ ಅವರ ಪಕ್ಕದಲ್ಲಿ ನಿಂತು ತೋಳನ್ನು ಹಿಡಿದುಕೊಂಡು, "ಅತ್ತೆ, ನನಗೆ ತಾಯಿಯಿಲ್ಲವೆಂದು ನನ್ನ ಎರಡು ಬಾಣಂತನಗಳನ್ನೂ ಮಾಡಿದವರು ನೀವು. ರಾತ್ರಿ ಎಷ್ಟು ಸಲ ಎದ್ದಿರೆಂದು ನಾನು ಲೆಕ್ಕ ಇಟ್ಟಿದ್ದೇನೆಯೆ? ನೀವು ಕೇಳಿದರೆ ನನಗೆ ನಿದ್ದೆ ಕೆಡುವುದಿಲ್ಲ, ಕೇಳದಿದ್ದರೆ ಕೆಡುತ್ತದೆ" ಎಂದಳು. ಅತ್ತೆ ಸೊಸೆಯರಿಬ್ಬರೂ ಆ ಹೊತ್ತಿನಲ್ಲಿ ಅತ್ತರು. ನಾನು ಕಿತ್ತುಬಂದ ಕಂಬಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆನು.

ಅವಳು ಬಾಣಂತನವೆಂದುದು ನನ್ನನ್ನು ಯೋಚನೆಗೆ ಹಚ್ಚಿತು. ಮೈಗೆ ಪೆಟ್ಟು ಬಿದ್ದವರಿಗಾಗಿ ಮನೆಯನ್ನು ಅಣಿಮಾಡುವ ವಿದ್ಯೆಯು ನಮಗೆ ಹೊಸದಲ್ಲ. ಕೋಣೆ, ಹಾಸಿಗೆ, ನೀರು, ಪಥ್ಯ, ಯಾರು ಹೋಗಬೇಕು ಯಾರು ಹೋಗಬಾರದು ಎಂಬುದೆಲ್ಲವನ್ನೂ ನಮ್ಮ ಹೆಂಗಸರು ಗ್ರಂಥವಿಲ್ಲದೆ ಬಲ್ಲರು. ಬಾಣಂತಿಗೂ ವೃದ್ಧ ರೋಗಿಗೂ ಇರುವ ವ್ಯತ್ಯಾಸವೊಂದೇ: ಬಾಣಂತಿಯು ಮತ್ತೆ ಎದ್ದು ಮನೆಯ ಒಡತಿಯಾಗುವಳೆಂಬುದರಲ್ಲಿ ಯಾರಿಗೂ ಸಂದೇಹವಿರುವುದಿಲ್ಲ, ವೃದ್ಧರ ವಿಷಯದಲ್ಲಿ ನಾವು ಆ ನಂಬಿಕೆಯನ್ನು ಮೊದಲೇ ಬಿಟ್ಟಿರುತ್ತೇವೆ. ನಾನು ಮನೆಯನ್ನು ಸಿದ್ಧಪಡಿಸಿದುದು ತಾಯಿಯವರು ಆರಾಮವಾಗಿ ಬಿದ್ದಿರಲೆಂದು. ಅವರು ಎದ್ದು ಬಾಳಲೆಂದಲ್ಲ.

ಮಾರನೆಯ ದಿನದಿಂದ ವ್ಯವಸ್ಥೆಯನ್ನು ಬದಲಾಯಿಸಿದೆವು. ಸ್ನಾನದ ಮನೆಯಲ್ಲಿ ಗೋಡೆಯೊಳಕ್ಕೆ ಆಳವಾಗಿ ಕೂತ, ಆಳಿನ ಭಾರವನ್ನು ತಡೆಯುವ ಹಿಡಿಕಂಬಿಗಳನ್ನು ಹಾಕಿಸಿದೆವು. ಮಂಚದಿಂದ ಕಮೋಡಿನವರೆಗೆ ರಾತ್ರಿಯೆಲ್ಲ ಉರಿಯುವ ಮಂದವಾದ ದೀಪವಾಯಿತು. ಸ್ನಾನಕ್ಕೆ ಮಣೆಯ ಬದಲು ರಬ್ಬರಿನ ಪಾದಗಳುಳ್ಳ ಎತ್ತರದ ಸ್ಟೂಲು. ಹೊಲಿಗೆ ಬಿಚ್ಚಿ ಗಾಯ ಒಣಗುವವರೆಗೆ ಮೈಯೊರಸುವುದು ಮಾತ್ರ. ಸೀರೆಯ ನೆರಿಗೆ ವಾಕರಿನ ಕಾಲಿಗೆ ಸಿಕ್ಕದಂತೆ ಗಿಣ್ಣಿನಿಂದ ಮೇಲಕ್ಕೆ. ಹಿಮ್ಮಡಿಗೆ ಪಟ್ಟಿಯುಳ್ಳ ರಬ್ಬರಿನ ಚಪ್ಪಲಿ. ವಾಕರು ಹಿಡಿದವರ ಎರಡು ಕೈಗಳೂ ತುಂಬಿರುತ್ತವೆಯಾದುದರಿಂದ ಹಳೆಯ ಸೀರೆಯ ಬಟ್ಟೆಯಿಂದ ಒಂದು ಚೀಲವನ್ನು ಹೊಲಿದು ಅದರ ಮುಂದುಗಡೆ ಕಟ್ಟಿದೆವು. ಕನ್ನಡಕ, ಜಪಮಣಿ, ನೀರಿನ ಸೀಸೆ, ಟೆಲಿಫೋನು ಅದರಲ್ಲಿ.

ಎಲ್ಲಕ್ಕಿಂತ ಮುಖ್ಯವಾಗಿ, ಅವರ ಕೆಲಸಗಳನ್ನು ಅವರಿಗೆ ಹಿಂದಕ್ಕೆ ಕೊಟ್ಟೆವು. ಈಳಿಗೆಮಣೆಯ ಬದಲಿಗೆ ಮೇಜು ಮತ್ತು ಚಾಕು ಬಂದವು. ಸೊಪ್ಪು ಬಿಡಿಸುವುದು, ಅವರೆಕಾಯಿ ಸುಲಿಯುವುದು, ಹುಳಿಗೆ ಹೆಚ್ಚುವುದು ಅವರ ಪಾಲಾಯಿತು. ದೇವರ ಪಟಗಳನ್ನು ನೆಲದ ಮಂಟಪದಿಂದ ಎತ್ತಿ ಎದೆಯೆತ್ತರದ ಹಲಗೆಯಮೇಲೆ ಇಟ್ಟೆವು. ಕುರ್ಚಿಯಲ್ಲಿ ಕುಳಿತು ಪೂಜೆ ಮಾಡುವುದು ಸರಿಯೆ ಎಂದು ಅವರು ಸಂಕೋಚಪಟ್ಟಾಗ, "ದೇವರನ್ನು ಎತ್ತರಿಸಿದ್ದೇವೆಯೇ ಹೊರತು ನಿಮ್ಮನ್ನಲ್ಲ, ಅತ್ತೆ" ಎಂದು ಸೊಸೆ ಸಮಾಧಾನ ಹೇಳಿದಳು. ಅಂದು ಅವರು ಅನ್ನವನ್ನು ಬಿಡಲಿಲ್ಲ. ಮೂರನೆಯ ದಿನ ಹುಳಿಗೆ ಉಪ್ಪು ಹೆಚ್ಚೆಂದು ಆಕ್ಷೇಪಿಸಿದರು. ಮನೆಗೆ ಜೀವ ಬಂದಂತಾಯಿತು.

ಆಹಾರದ ವಿಷಯದಲ್ಲಿ ನಾವು ದೂರ ಹುಡುಕಬೇಕಾಗಿರಲಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣದ ಅಂಶವಿದೆ, ಅಕ್ಕಿಯಲ್ಲಿರುವುದು ಅತ್ಯಲ್ಪ. ರಾಗಿಯ ಗಂಜಿ, ಹಾಲು, ಮೊಸರು, ಬೇಳೆ, ಸೊಪ್ಪು. ನೋವಿನ ಮಾತ್ರೆಗಳಿಂದ ಮಲಬದ್ಧತೆಯಾಗದಂತೆ ಹಣ್ಣು ಮತ್ತು ಧಾರಾಳವಾಗಿ ನೀರು. ರಾತ್ರಿ ಏಳಬೇಕಾಗುವುದೆಂದು ಅವರು ನೀರನ್ನೇ ಕಡಮೆ ಮಾಡಿದ್ದರೆಂಬುದು ಆಮೇಲೆ ತಿಳಿಯಿತು. ಹಗಲು ಹೆಚ್ಚಾಗಿ ಕುಡಿಸಿ ಸಂಜೆ ಮಿತಗೊಳಿಸಿದೆವು. ರಕ್ತ ಹೆಪ್ಪುಗಟ್ಟದಂತೆ ಡಾಕ್ಟರು ಹೇಳಿದ ಚುಚ್ಚುಮದ್ದನ್ನು ತಪ್ಪಿಸಲಿಲ್ಲ. ಕುಳಿತಲ್ಲಿಯೇ ಪಾದಗಳನ್ನು ಮೇಲಕ್ಕೂ ಕೆಳಕ್ಕೂ ಆಡಿಸುವ ಅಭ್ಯಾಸವನ್ನೂ ಬಿಡಲಿಲ್ಲ. ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಗಾಯ ಕೆಂಪಾಗಿ ಸೋರುವುದು, ಜ್ವರ, ಕಾಲು ಹಠಾತ್ತಾಗಿ ಗಿಡ್ಡವಾಗುವುದು ಅಥವಾ ತಿರುಗಿಕೊಳ್ಳುವುದು: ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕೆಂದು ಗೋಡೆಯ ಮೇಲೆ ಬರೆದು ಅಂಟಿಸಿದ್ದೆವು. ಭಗವಂತನ ಕೃಪೆಯಿಂದ ಆ ಕಾಗದವನ್ನು ಓದುವ ಸಂದರ್ಭ ಬರಲಿಲ್ಲ.

ಫಾಲ್ಗುಣ ಮಾಸ ಬಂದಿತು. ಹನ್ನೆರಡು ವಾರಗಳು ಕಳೆದು, ಡಾಕ್ಟರು ವಾಕರನ್ನು ಬಿಡಿಸಿ ಊರುಗೋಲನ್ನು ಕೊಟ್ಟಿದ್ದರು. ನಮ್ಮ ಊರಿನ ದೊಡ್ಡ ಜಾತ್ರೆಯ ದಿನ ಶ್ರೀಕಂಠೇಶ್ವರನ ಐದು ತೇರುಗಳು ಹೊರಡುತ್ತವೆ. ಅವುಗಳಲ್ಲಿ ದೊಡ್ಡದು ಗೌತಮ ರಥ. ತಾಯಿಯವರು ಈ ಊರಿಗೆ ಸೊಸೆಯಾಗಿ ಬಂದಂದಿನಿಂದ ಅದನ್ನು ನೋಡುವುದನ್ನು ತಪ್ಪಿಸಿದ್ದು ೧೯೮೭ರ ಮರುವರ್ಷ ಒಂದೇ ಸಲ. ಈ ಸಲ ನೋಡಲೇಬೇಕೆಂದರು. ತೇರಿನ ಬೀದಿಯಲ್ಲಿ ನಮ್ಮ ನೆಂಟರ ಮನೆಯಿದೆ. ಹಿಂದಿನ ದಿನ ನಾನು ಅಳತೆಪಟ್ಟಿಯೊಡನೆ ಹೋಗಿ ಅವರ ಕುರ್ಚಿಯನ್ನೂ ಮೆಟ್ಟಿಲನ್ನೂ ಅಳೆದು ಬಂದುದಕ್ಕೆ ಅವರು ಈಗಲೂ ನಗುತ್ತಾರೆ. ಜನ ಸೇರುವುದಕ್ಕೆ ಮೊದಲೇ, ಕತ್ತಲೆಯಿರುವಾಗಲೇ, ರೇಷ್ಮೆಯ ಸೀರೆಯನ್ನು ಹಾಸಿದ ಸೀಟಿನಲ್ಲಿ ಅವರನ್ನು ಕೂರಿಸಿಕೊಂಡು ಹೊರಟೆವು.

ಆ ಮನೆಯ ಜಗುಲಿಗೆ ಮೂರು ಮೆಟ್ಟಿಲು. ನೆಂಟರ ಹುಡುಗರು ಎತ್ತುವುದಕ್ಕೆ ಕುರ್ಚಿಯನ್ನು ತಂದರು. ತಾಯಿಯವರು ಬೇಡವೆಂದು ಕೈಯಾಡಿಸಿ, ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈ ಸೊಸೆಯ ಹೆಗಲ ಮೇಲೆ ಇಟ್ಟು ನಿಂತರು. ನಾನು ಹಿಂದೆ ನಿಂತೆನು. "ಏರುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು" ಎಂದು ಮಂತ್ರದಂತೆ ತಮ್ಮಷ್ಟಕ್ಕೆ ಹೇಳಿಕೊಂಡು ಒಂದು ಮೆಟ್ಟಿಲು ಏರಿದರು, ನಿಂತರು, ಇನ್ನೊಂದು ಏರಿದರು. ಮೂರನೆಯದನ್ನು ಏರಿ, ಕುರ್ಚಿಯ ಕೈಗಳನ್ನು ಹಿಡಿದು ಕುಳಿತು, ಉಸಿರು ತಿರುಗಿಸಿಕೊಂಡು, "ಮಗು, ಮೂರು ತಿಂಗಳು ಆಯಿತಲ್ಲವೆ?" ಎಂದು ಕೇಳಿದರು.

"ಆಗಿ ಮೇಲೆ ಆರು ದಿನವಾಯಿತಮ್ಮ" ಎಂದೆನು.

"ಹಾಗಾದರೆ ಆ ಲೆಕ್ಕ ಬಿಟ್ಟುಬಿಡೋಣ" ಎಂದು ಹೇಳಿ, ಸೆರಗನ್ನು ಸರಿಪಡಿಸಿಕೊಂಡು, ತೇರು ಬರುವ ದಿಕ್ಕಿಗೆ ಮುಖ ತಿರುಗಿಸಿದರು.

ಈಗ ಅವರು ಮನೆಯಲ್ಲಿ ಏಳು ಹೊಸ್ತಿಲುಗಳನ್ನೂ ನಿಧಾನವಾಗಿ ದಾಟುತ್ತಾರೆ. ನನ್ನ ಪುಸ್ತಕಗಳು ಅಟ್ಟದಿಂದ ಇಳಿದಿವೆ. ಬೆಕ್ಕು ದೇಶಾಂತರದಿಂದ ಮರಳಿದೆ. ಹಿಡಿಕಂಬಿಗಳನ್ನೂ ರಾತ್ರಿಯ ದೀಪವನ್ನೂ ಮಾತ್ರ ತೆಗೆಯಲಿಲ್ಲ. ಬೀದಿಬಾಗಿಲಿನ ಇಳಿಜಾರಿನ ಹಲಗೆಯನ್ನು ಶುಕ್ರವಾರ ಬೆಳಗ್ಗೆ ತಾಯಿಯವರ ಅಪ್ಪಣೆಯಂತೆ ನಾನೇ ಎತ್ತಿ ಗೋಡೆಗೆ ಒರಗಿಸುತ್ತೇನೆ. ಸೊಸೆ ಹೊಸ್ತಿಲಿಗೆ ಅರಿಸಿನ ಕುಂಕುಮವನ್ನು ಹಚ್ಚಿ ರಂಗೋಲೆಯಿಡುತ್ತಾಳೆ. ಪೂಜೆಯಾದ ಮೇಲೆ ಹಲಗೆಯನ್ನು ಮತ್ತೆ ಅದರ ಸ್ಥಾನದಲ್ಲಿ ಇಡುತ್ತೇನೆ. ನನಗೂ ಅರುವತ್ತೆರಡು ತುಂಬಿತು. ಅದರ ಮೇಲೆ ನಡೆಯುವುದು ನನಗೂ ಹಿತವಾಗಿಯೇ ಇದೆ.